ಬಾವಿಯ ಈಜು, ಕೆರೆಯ ಚೆಂಡು

ಟಿಕೋಟಾ, ಬಬಲೇಶ್ವರ ಕಡೆ ಹುಡುಗರು ಈಜು ಕಲಿಯೋದು ಹೆಚ್ಚಾಗಿ ಹೊಲದ ಬಾವಿಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ ಅಪ್ಪನೋ ಕಾಕಾನೋ ಮೇಲೆ ಹಿಡಿದು ನಿಲ್ಲುತ್ತಾರೆ. ಹಗ್ಗ ಬಿಚ್ಚಿದ ದಿನಕ್ಕೆ ಕಲಿಕೆ ಮುಗಿಯಿತು. ಆ ಈಜಿಗೆ ಮುಂದೆ ದಾರಿ ಇದೆಯೇ? ಇದೆ ಅನ್ನುತ್ತದೆ ವಾಟರ್ ಪೋಲೊ ಆಟದ ಇತಿಹಾಸ.

ಇದು ನೀರಿನಲ್ಲಿ ಚೆಂಡೆಸೆದು ಗೋಲು ಹೊಡೆಯುವ ಆಟ. ತಂಡಕ್ಕೆ ಏಳು ಮಂದಿ, ಎಂಟು ನಿಮಿಷದ ನಾಲ್ಕು ಸುತ್ತು. ಗೋಲ್‌ಕೀಪರ್ ಬಿಟ್ಟು ಉಳಿದವರು ತಳಕ್ಕೆ ಕಾಲೂರುವಂತಿಲ್ಲ, ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುವಂತಿಲ್ಲ. 19ನೇ ಶತಮಾನದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಆಟ 1900ರಲ್ಲಿ ಒಲಿಂಪಿಕ್ಸ್ ಸೇರಿತು.

ನಮ್ಮ ದೇಶದಲ್ಲಿ ಇದು ಬೇರೂರಿದ್ದು ಕೋಲ್ಕತ್ತದಲ್ಲಿ. ಅಲ್ಲಿನ ಕಾಲೇಜ್ ಸ್ಕ್ವೇರ್, ಹೆದುವಾ ಎರಡೂ ಊರ ನಡುವಿನ ಕೆರೆಗಳು. ದಡದಲ್ಲಿ ಈಜು ಕ್ಲಬ್ಬುಗಳು ಹುಟ್ಟಿದವು, ಹುಡುಗರು ಕೆರೆಯಲ್ಲೇ ಪಂದ್ಯ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡ ಚಿಲಿ ದೇಶವನ್ನು ಸೋಲಿಸಿತು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು. ಆ ತಂಡದಲ್ಲಿದ್ದ ಸಚಿನ್ ನಾಗ್ 100 ಮೀಟರ್ ಈಜಿನಲ್ಲೂ ಚಿನ್ನ ತಂದರು. ಅವರು ಮೊದಲು ಈಜಿದ್ದು ಕಾಶಿಯ ಗಂಗೆಯಲ್ಲಿ.

ನೀರಿನ ಕೆಲಸದಲ್ಲಿ ವಿಜಯಪುರವೇನು ಕಡಿಮೆಯಲ್ಲ. 1620ರ ತಾಜ್ ಬಾವಡಿ, ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ 1633ರ ದೊಡ್ಡ ಕೆರೆ, 1651ರ ಬೇಗಂ ತಾಲಾಬ್ ಇವೆಲ್ಲ ಆದಿಲ್‌ಶಾಹಿ ಕಾಲದವು. ಕುಡಿಯಲು, ಬೆಳೆಗೆ ಕಟ್ಟಿಸಿದವು, ಆಟಕ್ಕಲ್ಲ. ಆದರೆ ಕೋಲ್ಕತ್ತದ ಕೆರೆಗಳನ್ನೂ ಆಟಕ್ಕೆಂದು ತೋಡಿರಲಿಲ್ಲ. ಅಲ್ಲಿ ಹೆಚ್ಚಿಗೆ ಇದ್ದದ್ದು ಕಲಿಸುವವರು, ಕ್ಲಬ್ಬು ಮತ್ತು ತಪ್ಪದ ಪಂದ್ಯ.

ಈಗ ಕಾಲೇಜು ಹುಡುಗರಿಗೆ ದಾರಿ ಹೀಗಿದೆ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಹುಡುಗ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ತನಕ ಹೋಗಬಹುದು. 1925ರಲ್ಲಿ ಹುಟ್ಟಿ, 1973ರಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅನ್ನಿಸಿಕೊಂಡ ಸಂಸ್ಥೆ ಇದನ್ನು ನಡೆಸುತ್ತದೆ. ಅಲ್ಲಿ ಕಣ್ಣಿಗೆ ಬಿದ್ದವರಿಗೆ ರೈಲ್ವೆ, ಸೇನೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಗುವುದುಂಟು.

ದಾರಿ ಇದ್ದರೂ ನಡೆಯಲು ಬುನಾದಿ ಬೇಕು. ಅಮೆರಿಕದಲ್ಲಿ ಕಾಲೇಜು ಪುರುಷರ ರಾಷ್ಟ್ರೀಯ ವಾಟರ್ ಪೋಲೊ ಪಂದ್ಯಾವಳಿ ಶುರುವಾದದ್ದು 1969ರಲ್ಲಿ. ಅಂದಿನಿಂದ ಪ್ರಶಸ್ತಿ ಹೋಗುತ್ತಿರುವುದು ಕ್ಯಾಲಿಫೋರ್ನಿಯಾ ರಾಜ್ಯದ ವಿಶ್ವವಿದ್ಯಾಲಯಗಳಿಗೇ. ಅಲ್ಲಿ ಹೈಸ್ಕೂಲಿನಲ್ಲೇ ಈಜುಕೊಳ ಮತ್ತು ತಂಡ ಇರುತ್ತವೆ. ಕಾಲೇಜಿಗೆ ಬರುವಷ್ಟರಲ್ಲಿ ಹುಡುಗ ನಾಲ್ಕು ವರ್ಷ ಆಡಿರುತ್ತಾನೆ.

ನಮ್ಮಲ್ಲೀಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗೆ ಬರುತ್ತಿದೆ. ದ್ರಾಕ್ಷಿ ತೋಟಗಳಲ್ಲಿ ಕೃಷಿ ಹೊಂಡಗಳಿವೆ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರೋದು ಕಷ್ಟ. ಅದು ಕಲಿಯುವ ಜಾಗವಲ್ಲ. ನೀರು ಹೆಚ್ಚಾದ ನಾಡಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕಾವಲಿನ ಜಾಗ ಒಂದು ಬೇಕೇ ಬೇಕು. ಪಂದ್ಯ ಆಮೇಲಿನ ಮಾತು, ಜೀವ ಮೊದಲಿನದು.

ನಿಮ್ಮೂರ ಹುಡುಗ ಚೆನ್ನಾಗಿ ಈಜುತ್ತಿದ್ದರೆ, ಕಾಲೇಜಿಗೆ ಸೇರಿದ ವರ್ಷವೇ ದೈಹಿಕ ಶಿಕ್ಷಣದ ಸರ್ ಹತ್ತಿರ ಹೆಸರು ಬರೆಸಲು ಹೇಳಿ. ಕೊನೆಯ ವರ್ಷ ಕೇಳಿದರೆ ಹೊತ್ತು ಮೀರಿರುತ್ತದೆ.