ಹಿಂದಿನ ಟೈರಿನ ಹಿಂದಿನ ಕಥೆ

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನನ್ನ ಅವೆಂಜರ್ ಬೈಕಿನ ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಇಲ್ಲೇ ಕೊಂಡಾಪುರದಲ್ಲಿ ಮನೆ ಹತ್ತಿರದ ಟೈರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿ ಹುಡುಗ ಬೈಕನ್ನೂ ನೋಡಿದ, ನನ್ನ ಹೊಟ್ಟೆಯನ್ನೂ ನೋಡಿದ. ಆಮೇಲೆ "ಲಾವು ಟೈರ್ ವೇಯಿಂಚುಕೋಂಡಿ ಸಾರ್" ಅಂದ. ಲಾವು ಅಂದ್ರೆ ದಪ್ಪ. ಇಪ್ಪತ್ತು ವರ್ಷಕ್ಕೂ ಹೆಚ್ಚಾಯ್ತು ಈ ಊರಿಗೆ ಬಂದು, ಇಷ್ಟು ತೆಲುಗು ಅರ್ಥ ಆಗುತ್ತೆ ಬಿಡಿ. ಕಂಪನಿ ಕೊಟ್ಟಿದ್ದ 130/90-15 ಬದಲು 140/90-15 ಹಾಕಿಸಿದ್ರೆ ಹಿಂದಿನಿಂದ ನೋಡೋಕೆ ಗಾಡಿ ಸಖತ್ತಾಗಿ ಕಾಣುತ್ತೆ ಅನ್ನೋದು ಅವನ ವಾದ. ಐವತ್ತು ದಾಟಿದ ಬ್ಯಾಂಕ್ ಆಫೀಸರ್‌ಗೂ ಒಂದೊಂದು ಸಲ ಹುಡುಗಾಟ ಹತ್ತುತ್ತೆ. ಹಾಕಿಸಿಬಿಟ್ಟೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಬಿಕಾಂ ಬುದ್ಧಿ ನೋಡಿ, ದುಡ್ಡು ಕೊಟ್ಟ ಮೇಲೆ ಲೆಕ್ಕ! 130 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 90 ಅಂದ್ರೆ ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾ ತೊಂಬತ್ತು, ಅಂದ್ರೆ 117 ಮಿ.ಮೀ. 15 ಅನ್ನೋದು ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ! ನಮ್ಮ ಆಡಿಟರ್ ನೋಡಿದ್ರೆ ವೋಚರ್ ವಾಪಸ್ ಕಳಿಸ್ತಿದ್ರು. ಒಟ್ಟು ವ್ಯಾಸ 615 ಮಿ.ಮೀ. ಆಗುತ್ತೆ. 140/90ಕ್ಕೆ ಗೋಡೆ 126, ಒಟ್ಟು 633. ಅಂದ್ರೆ ಟೈರು ದಪ್ಪ ಆಗಿದ್ದು ಮಾತ್ರ ಅಲ್ಲ, ಎತ್ತರವೂ ಆಯ್ತು, ಸುಮಾರು ಶೇಕಡಾ ಮೂರು. ಹಳೇ ಟೈರು ಒಂದು ಕಿಲೋಮೀಟರಿಗೆ 518 ಸುತ್ತು ಸುತ್ತುತ್ತಿದ್ರೆ ಹೊಸದು 503. ಗೇರನ್ನು ಸ್ವಲ್ಪ ಉದ್ದ ಮಾಡಿದ ಹಾಗೇ ಲೆಕ್ಕ. ಎತ್ತುವಾಗ ಗಾಡಿ ತುಸು ಸೋಮಾರಿ ಅನ್ನಿಸಿದ್ದು ಅದಕ್ಕೇ.

ಅಷ್ಟಕ್ಕೂ ಈ ದಪ್ಪ ಹಿಂಟೈರಿನ ಶೋಕಿ ಎಲ್ಲಿಂದ ಬಂತು ಅಂತ ಯೋಚನೆ ಬಂತು. ಹುಡುಕುತ್ತಾ ಹೋದ್ರೆ ಕಥೆ ಅಮೆರಿಕಕ್ಕೆ ಮುಟ್ಟಿತು. 1940ರಲ್ಲಿ ಹಾರ್ಲೆ ಡೇವಿಡ್‌ಸನ್ ತನ್ನ ದೊಡ್ಡ ಬೈಕುಗಳಿಗೆ 5.00-16 ಅಳತೆಯ ಟೈರು ಕೊಡೋಕೆ ಶುರು ಮಾಡಿತು. ಐದು ಇಂಚು ಅಗಲ, ಅಂದ್ರೆ 127 ಮಿ.ಮೀ. ಅದು ಶೋಕಿಗಲ್ಲ. ಆ ಬೈಕುಗಳಿಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ! ಹಿಂದಿನ ಚಕ್ರವನ್ನು ಚೌಕಟ್ಟಿಗೇ ನೇರವಾಗಿ ಬಿಗಿದಿದ್ರು. ಸವಾರನ ಸೊಂಟ ಉಳಿಸೋಕೆ ಇದ್ದದ್ದು ಸೀಟಿನ ಕೆಳಗಿನ ಸ್ಪ್ರಿಂಗು ಮತ್ತು ಟೈರಿನ ಗಾಳಿ ಎರಡೇ. ದಪ್ಪ ಟೈರಿನಲ್ಲಿ ಗಾಳಿ ಹೆಚ್ಚು, ಮೆತ್ತೆ ಹೆಚ್ಚು. ಹಾರ್ಲೆಯ ದೊಡ್ಡ ಬೈಕುಗಳಿಗೆ ಹಿಂದೆ ಶಾಕ್ ಅಬ್ಸಾರ್ಬರ್ ಬಂದದ್ದು 1958ರಲ್ಲಿ, ಡ್ಯುಯೋ ಗ್ಲೈಡ್ ಅನ್ನೋ ಮಾದರಿಯಲ್ಲಿ. ಅಷ್ಟರಲ್ಲಿ ಜನರ ಕಣ್ಣಿಗೆ ದಪ್ಪ ಟೈರು ಅಭ್ಯಾಸವಾಗಿಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ಹುಡುಗರು ಬೈಕು ಕತ್ತರಿಸಿ ಚಾಪರ್ ಮಾಡುವಾಗ ಮುಂದೆ ತೆಳ್ಳನೆ ದೊಡ್ಡ ಚಕ್ರ, ಹಿಂದೆ ಅದೇ ಡುಬ್ಬ ಟೈರು ಇಟ್ಟುಕೊಂಡ್ರು. 1969ರ ಈಸಿ ರೈಡರ್ ಸಿನಿಮಾ ಆ ಆಕಾರವನ್ನು ಊರೂರಿಗೂ ಒಯ್ದಿತು. ನಮ್ಮ ಅವೆಂಜರಿನ 130 ಆ ಐದಿಂಚಿನ ಮೊಮ್ಮಗ ಅಂದ್ರೂ ತಪ್ಪಿಲ್ಲ. ಹಳೇ 5.00-16ಕ್ಕೆ ಇವತ್ತು ಹಾಕೋದೂ 130/90-16 ಅಳತೆಯದ್ದೇ.

ನಮ್ಮ ಕಡೆ ಕಥೆ ಬೇರೆ. 1955ರಲ್ಲಿ ಮದ್ರಾಸಿನ ತಿರುವೊತ್ತಿಯೂರಿಗೆ ಬಂದ ಎನ್‌ಫೀಲ್ಡ್ ಬುಲೆಟ್ಟಿಗೆ 1949ರ ಮಾದರಿಯಿಂದಲೇ ಹಿಂದೆ ಸ್ವಿಂಗ್ ಆರ್ಮ್, ಶಾಕ್ ಅಬ್ಸಾರ್ಬರ್ ಇದ್ದವು. ಮೆತ್ತೆಯ ಕೆಲಸ ಟೈರಿನದ್ದಾಗಿರಲಿಲ್ಲ. ಹಾಗಾಗಿ ಮುಂದೂ 3.25-19, ಹಿಂದೂ 3.25-19. ಅಂಥ ಆನೆಯಂಥ ಗಾಡಿಗೆ 82 ಮಿ.ಮೀ. ಟೈರು! ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡೋಕೆ ಶುರು ಮಾಡಿದಾಗಲೂ ಅಷ್ಟೇ, 16 ಇಂಚಿನ ಪುಟ್ಟ ಚಕ್ರಗಳು, ಎರಡಕ್ಕೂ ತೆಳ್ಳನೆ ಟೈರು. ಹಿಂದು ಮುಂದು ಒಂದೇ ಅಳತೆ ಅಂದ್ರೆ ಒಂದು ಸ್ಪೇರ್ ಟ್ಯೂಬು ಎರಡಕ್ಕೂ ಆಗುತ್ತೆ. ದೂರದ ಊರಿಗೆ ಹೋಗೋರಿಗೆ ಅದು ದೊಡ್ಡ ಉಳಿತಾಯ.

ಮೈಸೂರು ಅಂದಾಗ ಒಂದು ಮಾತು ಹೇಳಲೇಬೇಕು. ನಾನು ಬಿಕಾಂ ಓದಿದ್ದು ಅಲ್ಲೇ. ಊರಲ್ಲಿ ಎಲ್ಲಿ ನಿಂತ್ರೂ ಯೆಜ್ಡಿ ಸದ್ದು (1973ರಿಂದ ಜಾವಾ ಹೆಸರು ಹೋಗಿ ಯೆಜ್ಡಿ ಆಗಿತ್ತು). ಕೆಆರ್‌ಎಸ್ ರಸ್ತೆಯಲ್ಲಿ ಮೇಟಗಳ್ಳಿ ಕಡೆ ಬಸ್ಸಿನಲ್ಲಿ ಹೋದ್ರೆ ರಬ್ಬರ್ ಕಾಯಿಸಿದ ವಾಸನೆ. ಅಲ್ಲಿ ವಿಕ್ರಾಂತ್ ಟೈರ್ಸ್ ಇತ್ತು, ಲಾರಿ ಬಸ್ಸಿನ ಟೈರಿಗೆ ಹೆಸರುವಾಸಿ. ಪಕ್ಕದಲ್ಲೇ ಫಾಲ್ಕನ್ ಟೈರ್ಸ್, ದ್ವಿಚಕ್ರ ಮತ್ತು ಆಟೋ ಟೈರು ಮಾಡಿ ಡನ್‌ಲಪ್ ಹೆಸರಲ್ಲಿ ಮಾರುತ್ತಿದ್ದ ಕಂಪನಿ. ಬೈಕೂ ನಮ್ಮೂರಿನದ್ದೇ, ಅದರ ಕಾಲಿಗೆ ಚಪ್ಪಲಿಯೂ ನಮ್ಮೂರಿನದ್ದೇ! ಆಗ ಅದರ ಬೆಲೆ ಗೊತ್ತಾಗಲಿಲ್ಲ, ಮೂಗು ಮುಚ್ಚಿಕೊಂಡು ಕೂತಿರ್ತಿದ್ವಿ. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ವಿಕ್ರಾಂತನ್ನು 1997ರಲ್ಲಿ ಜೆಕೆಯವರು ತಗೊಂಡ್ರು, ಅದು ಉಳೀತು. ಫಾಲ್ಕನ್ 2005ರಲ್ಲಿ ಕೈ ಬದಲಾಗಿ, ಹತ್ತು ವರ್ಷದೊಳಗೆ ಅದೂ ನಿಂತು ಹೋಯ್ತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಬಂದವು, ಆದರೆ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. 2022ರಲ್ಲಿ ಬಂದ ಹೊಸ ಯೆಜ್ಡಿ ರೋಡ್‌ಸ್ಟರಿನ ಹಿಂಟೈರು 130 ಇತ್ತು. ಹಳೇ ಯೆಜ್ಡಿ ಓಡಿಸಿದವರು ನೋಡಿದ್ರೆ ಇದು ಟ್ರ್ಯಾಕ್ಟರೋ ಬೈಕೋ ಅಂತ ಕೇಳ್ತಾರೆ.

ನಡುವೆ 1985ರ ಸುಮಾರಿಗೆ ಜಪಾನಿ ನೂರು ಸಿಸಿ ಗಾಡಿಗಳು ಬಂದವು. ಮೈಲೇಜೇ ದೇವರು. ಆರ್‌ಎಕ್ಸ್ 100ರ ಹಿಂಟೈರು 2.75 ಇಂಚು, ಬರೀ 70 ಮಿ.ಮೀ. ಬ್ಯಾಂಕಿನಲ್ಲಿ ನಾನು ಕೊಟ್ಟ ಮೊದಲ ಬೈಕ್ ಸಾಲಗಳೆಲ್ಲ ಇಂಥ ಕಡ್ಡಿ ಕಾಲಿನ ಗಾಡಿಗಳಿಗೇ. ಆಮೇಲೆ 2001ರಲ್ಲಿ ಬಜಾಜ್ ಕವಾಸಕಿ ಎಲಿಮಿನೇಟರ್ ತಂದಿತು. ಕಾಲು ಚಾಚಿ ಕೂರೋ ಗಾಡಿ, ಹಿಂದೆ ಹದಿನೈದು ಇಂಚಿನ ರಿಮ್ಮಿಗೆ 130ರ ಟೈರು. ಬ್ಯಾಂಕಿನ ಮುಂದೆ ಒಂದು ನಿಂತಿದ್ದಾಗ ಕ್ಯಾಷಿಯರ್ ಸಮೇತ ಎಲ್ಲರೂ ಹೊರಗೆ ಬಂದು ನೋಡಿದ್ದು ನೆನಪಿದೆ. ಅದರ ತಮ್ಮನಾಗಿ 2005ರಲ್ಲಿ ಅವೆಂಜರ್ ಬಂತು. ಆದರೆ ದಪ್ಪ ಟೈರನ್ನು ಎಲ್ಲರ ಕಣ್ಣಿಗೂ ತುಂಬಿದ್ದು ಕ್ರೂಸರ್ ಅಲ್ಲ, 2008ರ ಯಮಹಾ ಎಫ್‌ಝಡ್. ನೂರೈವತ್ತು ಸಿಸಿ ಗಾಡಿಗೆ 140/60-17! ಅಲ್ಲಿಂದ ಮುಂದೆ ಬಾಲ ದಪ್ಪ ಇಲ್ಲದಿದ್ರೆ ಬೈಕೇ ಅಲ್ಲ ಅನ್ನೋ ಹಾಗಾಯ್ತು. 2020ರ ಮೀಟಿಯೋರ್ 350ಗೆ 140, ಸೂಪರ್ ಮೀಟಿಯೋರ್ 650ಗೆ 150. ಹೊರದೇಶದಲ್ಲಿ 2004ರಲ್ಲೇ ಟ್ರಯಂಫ್ ರಾಕೆಟ್ ಬೈಕಿಗೆ 240 ಹಾಕಿದ್ರು, ಕಾರಿಗೂ ಹೆಚ್ಚಾಯ್ತು ಅದು.

ಕಂಪನಿಯವರು ಹಾಕೋದಕ್ಕೂ ನಾವು ಹಾಕಿಸೋದಕ್ಕೂ ವ್ಯತ್ಯಾಸ ಇದೆ. ಅವರು ದಪ್ಪ ಟೈರಿಗೆ ತಕ್ಕ ಅಗಲದ ರಿಮ್ಮು, ಸ್ವಿಂಗ್ ಆರ್ಮು, ಚೈನಿನ ಜಾಗ, ಮಡ್‌ಗಾರ್ಡು ಎಲ್ಲ ಕೂಡಿಸಿ ಮಾಡಿರ್ತಾರೆ. ಹಳೇ ರಿಮ್ಮಿಗೆ ದಪ್ಪ ಟೈರು ತುರುಕಿದ್ರೆ ಅದರ ಅಂಚುಗಳು ಒಳಕ್ಕೆ ಎಳೆದುಕೊಂಡು ನೆತ್ತಿ ಉಬ್ಬುತ್ತೆ. ಕೊಂಡ ಅಗಲವೆಲ್ಲ ನೆಲಕ್ಕೆ ತಾಗೋದೇ ಇಲ್ಲ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ದಿನಾ ಸಾಲಗಾರರಿಗೆ ಷರತ್ತು ಓದಿ ಹೇಳೋ ನಾನು ಇದನ್ನು ಓದಿದ್ದು ಟೈರು ಹಾಕಿಸಿದ ಮೇಲೆ.

ಎರಡು ವಾರ ಚೆನ್ನಾಗೇ ಓಡಿತು. ಅಂಗಡಿಯಲ್ಲಿ ಕೈ ಹಾಕಿ ನೋಡಿದಾಗ ಎಲ್ಲೂ ತಾಗುತ್ತಿರಲಿಲ್ಲ, ಆದರೆ ಆಗ ಗಾಡಿ ಮೇಲೆ ಯಾರೂ ಕೂತಿರಲಿಲ್ಲ ನೋಡಿ. ಒಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಕೊತ್ತಗುಡ ಫ್ಲೈಓವರ್ ಇಳಿದು ಬರುತ್ತಿದ್ದೆ. ರಸ್ತೆ ಉಬ್ಬು ಹಾರಿಸಿದಾಗ ಹಿಂದಿನಿಂದ ಕರ್ ಅಂತ ಸದ್ದು. ಮುಂದಿನ ಗುಂಡಿಗೆ ಮತ್ತೆ ಕರ್. "ರೀ, ಏನೋ ಸುಟ್ಟ ವಾಸನೆ" ಅಂದಳು. ನನಗೆ ಅದು ಮೇಟಗಳ್ಳಿ ವಾಸನೆ! ನಿಲ್ಲಿಸಿ ಮೊಬೈಲ್ ಬೆಳಕಲ್ಲಿ ನೋಡಿದ್ರೆ ಮಡ್‌ಗಾರ್ಡಿನ ಒಳಗಿನ ಬೋಲ್ಟು ಟೈರಿನ ನಡುಮಧ್ಯಕ್ಕೆ ಬೆರಳು ತೂರುವಷ್ಟು ಗೆರೆ ಕೊರೆದಿತ್ತು. ಎತ್ತರ ಒಂಬತ್ತು ಮಿಲಿಮೀಟರು ಹೆಚ್ಚಿತ್ತಲ್ಲ, ಇಬ್ಬರ ಭಾರಕ್ಕೆ ಗಾಡಿ ಕುಕ್ಕಿದಾಗ ತಾಗಿದೆ. ಇನ್ನೊಂದು ವಾರ ಹೀಗೇ ಬಿಟ್ಟು, ಔಟರ್ ರಿಂಗ್ ರೋಡಿನ ಸರ್ವೀಸ್ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸಿಡಿದಿದ್ರೆ? ಮನೆವರೆಗೂ ಅವಳನ್ನು ಆಟೋದಲ್ಲಿ ಕಳಿಸಿ ನಾನು ತಳ್ಳಿಕೊಂಡು ಬಂದೆ. ಮರುದಿನ 130 ವಾಪಸ್.

ಈ ವಿಷಯ ಫೋನಿನಲ್ಲಿ ಮಂಡ್ಯದ ಅಣ್ಣನಿಗೆ ಹೇಳಿದಾಗ ಅವನು ನಕ್ಕು, "ಅಪ್ಪನೂ ಹಾಕಿಸಿದ್ರಲ್ಲೋ" ಅಂದ. ಅಪ್ಪ ಬುಲೆಟ್ ಇಟ್ಟಿದ್ರು, ನಾಲೆ ಏರಿ ಮೇಲೆ ಕಬ್ಬಿನ ಗದ್ದೆ ನೋಡೋ ಕೆಲಸ. ದೀಪಾವಳಿಗೆ ಊರಿಗೆ ಹೋದಾಗ ಅವರ ಖರ್ಚಿನ ಪುಸ್ತಕ ತೆಗೆಸಿ ನೋಡಿದೆ. 1983ರ ಪುಟದಲ್ಲಿ, ಅವರ ಒತ್ತು ಅಕ್ಷರದಲ್ಲಿ, ಗೊಬ್ಬರಕ್ಕೂ ಸ್ಕೂಲ್ ಫೀಸಿಗೂ ನಡುವೆ ಬರೆದಿದ್ರು: "ಬುಲೆಟ್ ಹಿಂ. ಟೈ. 3.25 ಬದಲು 3.50. ಮಕ್ಕಳು ಬೆಳೆದರು."

ಆರು ಮಿಲಿಮೀಟರು. ಟ್ಯಾಂಕ್ ಮೇಲೆ ನಾನು, ಅಪ್ಪನ ಬೆನ್ನಿಗೆ ಅಣ್ಣ, ಹಿಂದೆ ಅಮ್ಮ, ಅಮ್ಮನ ಮಡಿಲಲ್ಲಿ ಸಂತೆ ಚೀಲ. ಆ ವರ್ಷ ನನಗೆ ಹದಿಮೂರು ವರ್ಷ, ಟ್ಯಾಂಕ್ ಮೇಲೆ ಕೂರಲ್ಲ ಅಂತ ಜಗಳ ಆಡಿದ್ದೂ ನೆನಪಿದೆ. ಪುಸ್ತಕದ ಆ ಪುಟದ ಫೋಟೋ ತಗೊಂಡು ಬಂದಿದ್ದೀನಿ. ಗೆರೆ ಬಿದ್ದ ನನ್ನ 140 ಬಾಲ್ಕನಿಯಲ್ಲಿದೆ. ಹೆಂಡತಿ ಅದರೊಳಗೆ ಮಣ್ಣು ತುಂಬಿ ದೊಡ್ಡಪತ್ರೆ ಹಾಕಿದ್ದಾಳೆ, ಚೆನ್ನಾಗಿ ಬಂದಿದೆ.