ಸುಗ್ಗಿಯ ಲೆಕ್ಕವೂ ತಿಂಗಳ ಲೆಕ್ಕವೂ

ಹೊಸದಾಗಿ ಸಂಸಾರ ಹೂಡಿದ ದಂಪತಿಗಳು ತಿಂಗಳ ಮೊದಲಲ್ಲಿ ದಿನಸಿಯ ಪಟ್ಟಿ ಬರೆಯುವುದು ಅನಾದಿಯ ಪದ್ಧತಿಯೆಂಬಂತೆ ತೋರಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಒಕ್ಕಲುಮನೆಗಳಲ್ಲಿ ಮನೆವೆಚ್ಚದ ಮಾನವು ತಿಂಗಳಾಗಿರದೆ, ಸುಗ್ಗಿಯಿಂದ ಸುಗ್ಗಿಯವರೆಗಿನ ವರ್ಷವಾಗಿದ್ದಿತು. ಕಣದಿಂದ ಬಂದ ಜೋಳ ರಾಗಿಗಳು ಹಗೇವನ್ನೋ ಕಣಜವನ್ನೋ ಸೇರುವಾಗಲೇ ಬೀಜಕ್ಕಿಷ್ಟು, ಆಯಗಾರರಿಗಿಷ್ಟು, ಊಟಕ್ಕಿಷ್ಟು ಎಂದು ಹಿರಿಯರು ವಿಂಗಡಿಸುತ್ತಿದ್ದರು. ಹಣ ಕೊಟ್ಟು ಕೊಳ್ಳುತ್ತಿದ್ದುದು ಉಪ್ಪು, ಬೆಲ್ಲ, ಬಟ್ಟೆ ಮೊದಲಾದುವನ್ನು. ಅದಕ್ಕೆ ವಾರದ ಸಂತೆ ಸಾಕಾಗಿದ್ದಿತು. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಪೇಟೆಯಾದ ನ್ಯಾಮತಿಯಲ್ಲಿ ಎರಡು ಕಡೆಯ ಸರಕುಗಳೂ ಕೂಡುತ್ತಿದ್ದುವು.

ಈ ಲೆಕ್ಕವು ಮಳೆಯನ್ನು ನಂಬಿದ್ದಿತು. 1876–78ರ ಮಹಾಕ್ಷಾಮದಲ್ಲಿ ಆ ನಂಬಿಕೆ ಮುರಿಯಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷದಷ್ಟಕ್ಕೆ ಇಳಿಯಿತು. ಇದಲ್ಲದೆ, ತುಂಬಿದ ಕಣಜವಿದ್ದ ಮನೆಯಲ್ಲಿಯೂ ಕಿರಿಯ ಸೊಸೆಗೆ ಅದರಿಂದ ಒಂದು ಪಾವು ಅಳೆದುಕೊಳ್ಳುವ ಸ್ವಾತಂತ್ರ್ಯ ವಿರಳ. ಹಿಂದಿನ ಕಾಲವನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ತಿಂಗಳು ಬಂದದ್ದು ಸಂಬಳದೊಡನೆ. ತಾಲ್ಲೂಕು ಕಚೇರಿಯ ಗುಮಾಸ್ತೆ, ಶಾಲೆಯ ಉಪಾಧ್ಯಾಯ ಮೊದಲಾದವರು ಹೊಲವಿಲ್ಲದ ಊರಿನಲ್ಲಿ ಬಾಡಿಗೆಯ ಮನೆ ಹಿಡಿದಾಗ, ಕಣಜದ ಸ್ಥಾನವನ್ನು ಅಂಗಡಿಯ ಉದ್ದರಿ ಪುಸ್ತಕವು ಆಕ್ರಮಿಸಿತು. ತರುಣ ಗೃಹಿಣಿಗೆ ಮನೆಯ ಆಡಳಿತ ದೊರೆಯಿತು. ಜೊತೆಗೆ ಸಾಲವೂ ದೊರೆಯಿತು.

ಅವಳು ಲೆಕ್ಕ ಕಲಿತು ಮುಗಿಸುವಷ್ಟರಲ್ಲಿ ಲೆಕ್ಕದ ಮಾನಗಳೇ ಬದಲಾದುವು. 1957ರ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆ ಹೋಗಿ 100 ನಯೇ ಪೈಸೆ ಬಂದಿತು. ಒಂದಾಣೆಗೆ ಸರಿಯಾದ ಬೆಲೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದಕಾರಣ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಕೋಷ್ಟಕ ಏರ್ಪಟ್ಟಿತು. ಚಿಲ್ಲರೆ ಕೊಳ್ಳುವವರಿಗೆ ಇದು ಸಣ್ಣ ಸಂಗತಿಯಲ್ಲ. 1958ರ ಅಕ್ಟೋಬರದಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. 80 ತೊಲೆಯ ತೂಕದ ಸೇರು ಸುಮಾರು 933 ಗ್ರಾಮಿಗೆ ಸಮವೆಂದು ತಿಳಿದರೆ ತೂಕದ ಮಾತು ಮುಗಿಯುತ್ತದೆ; ಅಳತೆಯ ಸೇರಿನದು ಹಾಗಲ್ಲ. ಒಂದು ಸೇರು ರಾಗಿಯೂ ಒಂದು ಸೇರು ಅವಲಕ್ಕಿಯೂ ತೂಕದಲ್ಲಿ ಸಮವಾಗಲಾರವು. ‘ತಲೆಗೊಂದು ಪಾವು’ ಎಂದು ಕೈಯಳತೆಯಿಂದ ಅಟ್ಟುತ್ತಿದ್ದವಳು ಅಂಗಡಿಯಲ್ಲಿ ತೂಕದಿಂದ ಕೊಂಡು, ಒಲೆಯ ಮುಂದೆ ಅಳತೆಯಿಂದ ಬಳಸಬೇಕಾಯಿತು. ಇಂದಿಗೂ ಅನೇಕ ಅಡಿಗೆಮನೆಗಳಲ್ಲಿ ಪಾವು ಉಳಿದಿರುವುದಕ್ಕೆ ಇದೇ ಕಾರಣವಿರಬೇಕು.

ಪಟ್ಟಿಯೊಳಗಿನ ಪದಾರ್ಥಗಳೂ ಬದಲಾದುವು. ಭದ್ರಾ ನಾಲೆಯ ನೀರು ಹರಿದ ಚನ್ನಗಿರಿ, ಹೊನ್ನಾಳಿಗಳ ಭಾಗಗಳಲ್ಲಿ ಬತ್ತ ಹೆಚ್ಚಿ, ಅನ್ನವು ಹಬ್ಬದ ಊಟದಿಂದ ನಿತ್ಯದ ಊಟಕ್ಕೆ ಇಳಿಯಿತು. ಆ ನಾಲೆಯ ಹೊರಗೆ ಉಳಿದ ಜಗಳೂರಿನಲ್ಲಿ ಮಳೆಯ ಲೆಕ್ಕವೇ ಮುಂದುವರಿಯಿತು.

ಅಲ್ಲಿಗೂ ಅಕ್ಕಿಯನ್ನು ತಿಂಗಳ ಲೆಕ್ಕದಲ್ಲಿ ಒಯ್ದುದು ನ್ಯಾಯಬೆಲೆ ಅಂಗಡಿ. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯವು ಬಡಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಕೊಟ್ಟಿತು. 2015ರಲ್ಲಿ ಆ ರೂಪಾಯಿಯೂ ಹೋಯಿತು. 2023ರ ಆಗಸ್ಟಿನಲ್ಲಿ ಮೊದಲಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಗೊತ್ತುಮಾಡಿತು. ಆದರೆ ಅತ್ತೆಯೂ ಸೊಸೆಯೂ ಒಂದೇ ಪಡಿತರ ಚೀಟಿಯಲ್ಲಿರುವ ಮನೆಯಲ್ಲಿ ಯಜಮಾನಿಯೆಂದು ಬರೆಸಿಕೊಳ್ಳುವವಳು ಒಬ್ಬಳೇ.