ಮಾಗಳಿ ಬೇರಿನ ಬೆನ್ನು ಹತ್ತಿ

ಜಿನ್‌ಸೆಂಗ್ ಎಂದೊಡನೆ ನಮ್ಮಲ್ಲಿ ಅಶ್ವಗಂಧದ ಹೆಸರು ಬರುತ್ತದೆ. ಅದನ್ನು 'ಭಾರತದ ಜಿನ್‌ಸೆಂಗ್' ಎಂದು ಮಾರುವುದೂ ಉಂಟು. ಗುಣದ ಮಾತು ಹಾಗಿರಲಿ, ಬದುಕುವ ರೀತಿಯಲ್ಲಿ ಇವೆರಡಕ್ಕೂ ಹೋಲಿಕೆಯಿಲ್ಲ. ನಮ್ಮ ಹಿರೇಮದ್ದಿನ ಗಿಡವಾದ ಅಶ್ವಗಂಧ ಬಿತ್ತಿದ ಐದಾರು ತಿಂಗಳಿಗೆ ಕೀಳುವ ಹೊಲದ ಬೆಳೆ. ಮಧ್ಯಪ್ರದೇಶದ ಮಂದಸೌರ್, ನೀಮಚ್ ಸೀಮೆಯ ರೈತರಿಗೆ ಅದೊಂದು ಹಿಂಗಾರಿನ ಆದಾಯ. ಜಿನ್‌ಸೆಂಗ್ ಹಾಗಲ್ಲ. ಅದು ಕಾಡಿನ ನೆರಳಲ್ಲಿ ವರ್ಷಗಟ್ಟಲೆ ಬಲಿಯುತ್ತದೆ, ಬೆಲೆ ಬೇರಿಗೇ ಇರುವುದರಿಂದ ಕೊಯ್ಲಾಯಿತೆಂದರೆ ಗಿಡವೂ ಹೋಯಿತು. ಈ ಲೆಕ್ಕದಲ್ಲಿ ಕನ್ನಡ ನಾಡಿನಲ್ಲಿ ಅದರ ಪಕ್ಕ ನಿಲ್ಲಬೇಕಾದದ್ದು ಮಾಗಳಿ ಬೇರು.

ಮಾಗಳಿ ದಖ್ಖನ್ನಿನ ಒಣ ಗುಡ್ಡಗಳ ಬಳ್ಳಿ. ಬಂಡೆಗಳ ಸಂದಿಯಲ್ಲಿ ಬೇರೂರಿ ಪಕ್ಕದ ಪೊದೆ ಹಿಡಿದು ಮೇಲೇರುತ್ತದೆ, ಎಲೆ ಮುರಿದರೆ ಹಾಲು ಒಸರುತ್ತದೆ. ಬುಡದಿಂದ ಸುತ್ತಲೂ ಹೊರಟ ದಪ್ಪ ಬೇರುಗಳೇ ಅದರ ಆಸ್ತಿ. ಹಳೇ ಮೈಸೂರಿನ ಮನೆಗಳಲ್ಲಿ ಈ ಬೇರನ್ನು ನೆನೆಸಿ, ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ನಿಂಬೆರಸ, ಸಾಸಿವೆ, ಖಾರ ಬೆರೆಸಿ ಉಪ್ಪಿನಕಾಯಿ ಹಾಕುತ್ತಾರೆ. ತಿಗಣೆ ವಾಸನೆ ಎಂದು ಮೂಗು ಮುಚ್ಚುವವರೂ, ಅದಿಲ್ಲದೆ ಮೊಸರನ್ನ ಇಳಿಯದವರೂ ಒಂದೇ ಪಂಕ್ತಿಯಲ್ಲಿ ಸಿಗುತ್ತಾರೆ. ರಾಯಲಸೀಮೆಯಲ್ಲಿ ಇದೇ ಬೇರು ಶರಬತ್ತಾಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಸೊಗದೆ ಬೇರಿನ ಬದಲಿಗೆ ಇದನ್ನೇ ಕೊಡುವುದೂ ಇದೆ.

ಹೆಸರಿನಿಂದ ಘಾಟಿನವರೆಗೆ

ಈ ಬೇರಿನ ಅಧ್ಯಯನ ಮೊದಲು ಗಿಡಕ್ಕೆ ಹೆಸರಿಡುವುದರಿಂದ ಶುರುವಾಯಿತು. 1834ರಲ್ಲಿ ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಇದನ್ನು ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂದು ದಾಖಲಿಸಿದರು. ಅಲ್ಲಿಂದ ನೂರು ವರ್ಷ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಕೆಲವು ಸಾಲುಗಳ ಜಾಗ ಮಾತ್ರ ಸಿಕ್ಕಿತು.

ಎರಡನೆಯ ಘಟ್ಟ ರಸಾಯನಶಾಸ್ತ್ರದ್ದು. 1941ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ ಮೂರ್ತಿ ಮತ್ತು ಟಿ.ಆರ್. ಶೇಷಾದ್ರಿ ಬೇರಿನ ಘಟಕಗಳ ಕುರಿತು ಸರಣಿ ಪ್ರಬಂಧಗಳನ್ನು ಪ್ರಕಟಿಸಿದರು. ಘಾಟಿಗೆ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೀಥಾಕ್ಸಿಬೆಂಜಾಲ್ಡಿಹೈಡ್. ಇದು ಐಸ್‌ಕ್ರೀಮಿಗೆ ಹಾಕುವ ವೆನಿಲಿನ್ನಿನ ದಾಯಾದಿ: ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ಆಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಬೇರಿನ ಸಾರ ಕಾಳಿನ ಹುಳುಗಳನ್ನು ತಡೆಯುತ್ತದೆಂದು ಅಲ್ಲಿನ ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಮುಂದಿನ ದಶಕದಲ್ಲಿ ಅಂಗಾಂಶ ಕೃಷಿಯಿಂದ ಸಸಿ ಮಾಡುವ ವಿಧಾನಗಳೂ ಬಂದವು. ಗಾಳಿಗೆ ಹಾರುವ ಬೀಜ ಬೇಗ ಜೀವ ಕಳೆದುಕೊಳ್ಳುವ ಈ ಬಳ್ಳಿಗೆ ಅದು ಸಣ್ಣ ಸಹಾಯವಲ್ಲ. ಆದರೆ ಬೇರಿನ ಗುಣ ತಿಳಿದಷ್ಟೂ ಬೇಡಿಕೆಗೆ ಹೊಸ ಕಾರಣ ಸಿಕ್ಕಿತು, ಬೇಡಿಕೆ ತೀರಿಸುವ ಭಾರ ಮಾತ್ರ ಗುಡ್ಡದ ಮೇಲೇ ಉಳಿಯಿತು.

ಕಾಡಿನ ಲೆಕ್ಕ

ಮೂರನೆಯ ಘಟ್ಟ ಸಂರಕ್ಷಣೆಯದು. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಮಳೆನಾಡಿನ ಆಗುಂಬೆಯ ಜೊತೆಗೆ ದೇವರಾಯನದುರ್ಗ, ಸಾವನದುರ್ಗ, ಸಂಡೂರಿನಂಥ ಒಣ ಗುಡ್ಡಗಳೂ ಪಟ್ಟಿಗೆ ಸೇರಿದ್ದು ಮುಖ್ಯ. ಕುರುಚಲು ಕಾಡಿಗೂ ಕಾಪಾಡುವಂಥ ಬೆಲೆಯಿದೆ ಎಂದು ಅಲ್ಲಿಗೆ ಒಪ್ಪಿಕೊಂಡಂತಾಯಿತು. 2008ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ 960 ಔಷಧಿ ಸಸ್ಯಗಳ ವ್ಯಾಪಾರ ನಡೆಯುತ್ತಿದೆ, ಅವುಗಳಲ್ಲಿ 178 ವರ್ಷಕ್ಕೆ 100 ಟನ್ ಮೀರಿ ಬಿಕರಿಯಾಗುತ್ತವೆ ಎಂದು ಲೆಕ್ಕ ಕೊಟ್ಟಿತು. ಮಾಗಳಿ ಈಗ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಸಸ್ಯ.

ದಾವಣಗೆರೆಯ ನಾಲ್ಕು ತಾಲ್ಲೂಕು

ಈ ಕಾಡಿನ ಲೆಕ್ಕವನ್ನು ಒಂದು ಜಿಲ್ಲೆಯಲ್ಲಿಟ್ಟು ನೋಡೋಣ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. 2004ರಲ್ಲೇ ಬಿ.ಕೆ. ಮಂಜುನಾಥ, ವಿ. ಕೃಷ್ಣ, ಟಿ. ಪುಲ್ಲಯ್ಯ ಅವರ ಜಿಲ್ಲಾ ಸಸ್ಯಸಂಪತ್ತಿನ ಗ್ರಂಥ ಹೊರಬಂತು. ಬೇರು ಹುಡುಕುವವರಿಗೆ ಈ ಜಿಲ್ಲೆ ಎರಡು ಲೋಕ. ಪೂರ್ವದ ಜಗಳೂರು ಮುಳ್ಳುಪೊದೆ, ಕಲ್ಲುಗುಡ್ಡಗಳ ಬರದ ಸೀಮೆ. ಅಲ್ಲಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಪಶ್ಚಿಮಕ್ಕೆ ಚನ್ನಗಿರಿಯ ಉಬ್ರಾಣಿ, ನ್ಯಾಮತಿಯ ತೀರ್ಥರಾಮೇಶ್ವರದ ಕಡೆ ಎಲೆ ಉದುರಿಸುವ ಕಾಡು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ಗದ್ದೆ ಮುಗಿದಲ್ಲಿ ಬೀಳುನೆಲ, ಬೇಲಿಸಾಲು. ಇಂಥ ನೆಲದ ಸಾಮಾನ್ಯ ಬೇರುಗಳು ಸೊಗದೆ ಮತ್ತು ಶತಾವರಿ. ನಡುನರದುದ್ದಕ್ಕೂ ಬಿಳಿ ಗೆರೆಯಿರುವ ಎಲೆ ಕಂಡರೆ ಸೊಗದೆ, ಅದರ ತೆಳ್ಳನೆ ಬೇರು ಮುರಿದಾಗ ಬರುವ ಪರಿಮಳವೇ ಸಾಕ್ಷಿ. ಬುಡ ಕೆದಕಿದರೆ ಗೊಂಚಲು ಗೆಡ್ಡೆ ಬಿಟ್ಟ ಮುಳ್ಳುಬಳ್ಳಿ ಶತಾವರಿ, ಜನರ ಬಾಯಲ್ಲಿ ಹಲವು ಮಕ್ಕಳ ತಾಯಿ ಬೇರು.

ಇಲ್ಲಿ ಬೇಲಿಸಾಲನ್ನು ಮೆಕ್ಕೆಜೋಳ ನುಂಗುತ್ತಿದೆ, ಖುಷ್ಕಿಗೆ ಅಡಿಕೆ ಏರುತ್ತಿದೆ. ಚನ್ನಗಿರಿಯ ಅಡಿಕೆಗೆ ತುಮ್ಕೋಸ್ ಸಹಕಾರ ಸಂಘವಿದೆ, ಮಾಲಿಗೆ ದರ್ಜೆಯಿದೆ, ದಿನದ ಧಾರಣೆಯಿದೆ. ಕಾಡಿನ ಬೇರನ್ನು ಯಾವ ಗುಡ್ಡದಿಂದ, ಎಷ್ಟು ವರ್ಷ ಬಲಿತ ಮೇಲೆ ತಂದರು ಎಂದು ಕೊಳ್ಳುವವರು ಕೇಳುವುದು ಅಪರೂಪ.

ಅಗೆಯುವ ಶಿಸ್ತು

ಅಧ್ಯಯನ ಹಿಂದೆ ಬಿದ್ದಿರುವುದು ಅಗೆತದ ಈ ಪ್ರಶ್ನೆಯಲ್ಲಿಯೇ. ಜಿನ್‌ಸೆಂಗಿನ ಕಥೆಯನ್ನೇ ನೋಡಿ. 1716ರಲ್ಲಿ ಪಾದ್ರಿ ಲಾಫಿಟೊ ಮಾಂಟ್ರಿಯಲ್ ಬಳಿ ಅಮೆರಿಕದ ಜಿನ್‌ಸೆಂಗ್ ಗುರುತಿಸಿದ ಮೇಲೆ ಚೀನಾಕ್ಕೆ ಹಡಗುಗಟ್ಟಲೆ ಬೇರು ಹೋಯಿತು, ಕಾಡು ಬರಿದಾಯಿತು. 1975ರಲ್ಲಿ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಅನುಬಂಧಕ್ಕೆ ಸೇರಿತು. ಅಮೆರಿಕದಿಂದ ಕಾಡುಬೇರು ರಫ್ತಾಗಬೇಕಾದರೆ ಗಿಡಕ್ಕೆ ಕನಿಷ್ಠ ಐದು ವರ್ಷವಾಗಿರಬೇಕು. ಪ್ರತಿವರ್ಷದ ಕಾಂಡ ಬೇರಿನ ಕತ್ತಿನ ಮೇಲೆ ಬಿಟ್ಟ ಗಾಯದ ಗುರುತು ಎಣಿಸಿ ವಯಸ್ಸು ನೋಡುತ್ತಾರೆ. ಅಗೆದವರು ಕೆಂಪು ಹಣ್ಣಿನ ಬೀಜವನ್ನು ಅದೇ ಜಾಗದಲ್ಲಿ ಊರಬೇಕೆಂಬ ನಿಯಮವೂ ಹಲವು ರಾಜ್ಯಗಳಲ್ಲಿದೆ. ಕಳ್ಳ ಅಗೆತ ಅಲ್ಲೂ ನಿಂತಿಲ್ಲ. ಆದರೆ ವಯಸ್ಸು, ಋತು, ಬೀಜ ಮೂರೂ ಕಾನೂನಿನ ಭಾಷೆಗೆ ಬಂದಿವೆ.

ಮಾಗಳಿಗೂ ಅಂಥ ಶಿಸ್ತು ಕಷ್ಟವಲ್ಲ. ಕಾಯಿ ಒಡೆದು ಬೀಜ ಹಾರುವ ತನಕ ಕಾಯುವುದು, ಬುಡವನ್ನೂ ಒಂದಷ್ಟು ಬೇರನ್ನೂ ಬಿಟ್ಟು ಉಳಿದದ್ದನ್ನು ತೆಗೆದು ಮಣ್ಣು ಮುಚ್ಚುವುದು, ಒಮ್ಮೆ ಅಗೆದ ಗುಡ್ಡಕ್ಕೆ ಕೆಲವು ವರ್ಷ ಬಿಡುವು ಕೊಡುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಡನೆ ಸಂಶೋಧಕರು ನೆಲ್ಲಿಕಾಯಿ ಕೊಯ್ಲಿನ ಲೆಕ್ಕವಿಟ್ಟದ್ದು ಕಾಡಿನ ಜನರೇ ಉಸ್ತುವಾರಿ ಮಾಡಬಲ್ಲರೆಂದು ತೋರಿಸಿತು. ನೆಲ್ಲಿ ಕೊಯ್ದರೆ ಮರ ಉಳಿಯುತ್ತದೆ, ಬೇರಿನಲ್ಲಿ ಆ ರಿಯಾಯಿತಿ ಇಲ್ಲದ್ದರಿಂದ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ಸಮಿತಿ, ಜನತಾ ದಾಖಲಾತಿ ಇರಬೇಕು. ಗಿಡದ ಹೆಸರು, ಉಪಯೋಗಗಳ ಜೊತೆಗೆ ಯಾವ ಗುಡ್ಡ, ಎಷ್ಟು ಬುಡ, ಹಿಂದೆ ಅಗೆದ ವರ್ಷ ಎಂಬ ಮೂರು ಕಲಮುಗಳನ್ನೂ ಅದರಲ್ಲಿ ಸೇರಿಸಬಹುದು. ವನ್ಯಧಾಮದಲ್ಲಿ ಅಗೆಯುವಂತಿಲ್ಲ, ಹೊರಗಿನ ಕಾಡಿನಲ್ಲಿ ಇಲಾಖೆಯ ಒಪ್ಪಿಗೆ ಬೇಕು. ಆದ್ದರಿಂದ ಇಲಾಖೆ, ನಾಟಿ ವೈದ್ಯರು, ತಾಂಡಾದ ಹಿರಿಯರು ಒಟ್ಟಿಗೆ ಕೂತೇ ಈ ಕಲಮುಗಳನ್ನು ತುಂಬಬೇಕು. ಬೇರಿನೊಳಗೆ ಏನಿದೆ ಎಂಬುದಕ್ಕೆ ಎಂಬತ್ತು ವರ್ಷದ ಉತ್ತರಗಳು ಸಿಕ್ಕಿವೆ. ಗುಡ್ಡದಲ್ಲಿ ಎಷ್ಟು ಉಳಿದಿದೆ ಎಂಬುದಕ್ಕೆ ಉತ್ತರ ಸಿಗಬೇಕಾದದ್ದು ಈ ದಾಖಲೆ ಪುಸ್ತಕಗಳಿಂದಲೇ.